ಸಮುದ್ರದ ಸಾಕ್ಷಿಗೆ ಪಾಟೀಸವಾಲು

ಹವಾಮಾನ ಬದಲಾವಣೆಯ ಚರ್ಚೆ ನಡೆಯುವ ಕಡೆಯಲ್ಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ‘ಹಿಂದೆಯೂ ಭೂಮಿ ಕಾದಿದೆ, ತಣಿದಿದೆ. ಆಗ ಯಾವ ಕಾರ್ಖಾನೆ ಇತ್ತು, ಯಾವ ಕಾರು ಓಡುತ್ತಿತ್ತು?’ ಮಾತಿನ ಮೊದಲರ್ಧ ನೂರಕ್ಕೆ ನೂರು ನಿಜ. ಕೆನಡಾದ ಬಹುಭಾಗ ಕಿಲೋಮೀಟರುಗಟ್ಟಲೆ ದಪ್ಪದ ಹಿಮದಡಿ ಹೂತುಹೋಗಿದ್ದ ಕಾಲವಿತ್ತು. ಅಂಟಾರ್ಕ್ಟಿಕದಲ್ಲಿ ಕಾಡು ಬೆಳೆದಿದ್ದ ಕಾಲವೂ ಇತ್ತು. ಆದರೆ ಹೀಗೆ ಕೇಳುವವರು ತಮ್ಮನ್ನೇ ಕೇಳಿಕೊಳ್ಳದ ಪ್ರಶ್ನೆಯೊಂದಿದೆ. ಹಿಂದೆ ಹವಾಮಾನ ಬದಲಾಗಿತ್ತೆಂದು ನಮಗೆ ತಿಳಿದದ್ದಾದರೂ ಹೇಗೆ? ಥರ್ಮಾಮೀಟರಿನ ಕ್ರಮಬದ್ಧ ದಾಖಲೆಗೆ ನಾಲ್ಕು ನೂರು ವರ್ಷವೂ ತುಂಬಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಕಡಲು ಎಷ್ಟು ಬೆಚ್ಚಗಿತ್ತು, ಧ್ರುವಗಳಲ್ಲಿ ಎಷ್ಟು ಹಿಮವಿತ್ತು ಎಂಬ ನಮ್ಮ ತಿಳಿವಳಿಕೆಯ ದೊಡ್ಡ ಪಾಲು ಬಂದಿರುವುದು ಸಮುದ್ರತಳದ ಕೆಸರಿನಲ್ಲಿ ಉಳಿದ ಸುಣ್ಣದ ಚಿಪ್ಪುಗಳಿಂದ, ಆ ಚಿಪ್ಪುಗಳೊಳಗಿನ ಐಸೊಟೋಪ್‌ಗಳ ಲೆಕ್ಕದಿಂದ. ಸಾಕ್ಷಿಯನ್ನು ಕಟಕಟೆಗೆ ಕರೆದವರು ಅದರ ಹೇಳಿಕೆಯನ್ನು ಪೂರ್ತಿ ಕೇಳಬೇಕಾಗುತ್ತದೆ. ಬೇಕಾದ ಒಂದು ವಾಕ್ಯವನ್ನು ಆರಿಸಿಕೊಂಡು ಎದ್ದು ಹೋಗುವಂತಿಲ್ಲ. ಹಳೆಯ ಕಡಲಿನ ಸಾಕ್ಷ್ಯವನ್ನು ಪೂರ್ತಿ ಕೇಳಿದರೆ, ಅದಕ್ಕೆ ವಿಜ್ಞಾನಿಗಳೇ ನಡೆಸಿದ ಪಾಟೀಸವಾಲನ್ನೂ ಕೇಳಿದರೆ, ಅದು ಈ ತಕರಾರಿನ ಪರವಾಗಿ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಪ್ರೋಟಾನುಗಳು ಎಲ್ಲದರಲ್ಲೂ ಎಂಟೇ. ನ್ಯೂಟ್ರಾನುಗಳ ಎಣಿಕೆಯಲ್ಲಿ ವ್ಯತ್ಯಾಸ. ಬಹುತೇಕ ಎಲ್ಲದರ ತೂಕ 16. ಐದು ನೂರಕ್ಕೆ ಒಂದರಂತೆ 18. ಐಸೊಟೋಪ್‌ಗಳು ಎಂದರೆ ಇವೇ; ನಮ್ಮ ಪಠ್ಯಪುಸ್ತಕಗಳು ಸಮಸ್ಥಾನಿ ಎಂದು ಕರೆಯುವುದೂ ಇವನ್ನೇ. ಎರಡರ ರಾಸಾಯನಿಕ ನಡವಳಿಕೆ ಹೆಚ್ಚುಕಡಿಮೆ ಒಂದೇ. ಆ ‘ಹೆಚ್ಚುಕಡಿಮೆ’ಯಲ್ಲೇ ಇಡೀ ಶಾಸ್ತ್ರ ಅಡಗಿದೆ. ಭಾರದ ಪರಮಾಣು ಬಂಧದಲ್ಲಿ ಕೂದಲೆಳೆಯಷ್ಟು ಗಟ್ಟಿಯಾಗಿ ಕೂರುತ್ತದೆ, ತಂಪು ಹೆಚ್ಚಿದಂತೆ ಆ ಒಲವೂ ಹೆಚ್ಚುತ್ತದೆ. ಹೀಗಾಗಿ ತಣ್ಣನೆಯ ನೀರಿನಲ್ಲಿ ಬೆಳೆದ ಚಿಪ್ಪಿನಲ್ಲಿ ಭಾರದ ಆಮ್ಲಜನಕ ತುಸು ಹೆಚ್ಚಿರುತ್ತದೆ. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಹೆರಾಲ್ಡ್ ಯೂರಿ. ಡ್ಯುಟೀರಿಯಂ ಕಂಡುಹಿಡಿದದ್ದಕ್ಕೆ 1934ರಲ್ಲಿ ನೊಬೆಲ್ ಪಡೆದಿದ್ದ ಈ ರಸಾಯನ ವಿಜ್ಞಾನಿ, ಯುದ್ಧಕಾಲದಲ್ಲಿ ಅಣುಬಾಂಬಿಗಾಗಿ ಯುರೇನಿಯಂ ಐಸೊಟೋಪ್‌ಗಳನ್ನು ಬೇರ್ಪಡಿಸುವ ಕೆಲಸದ ಮುಂದಾಳಾಗಿದ್ದರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯನ್ನು ಚಿಪ್ಪುಗಳ ಕಡೆಗೆ ತಿರುಗಿಸಿದರು. 1947ರ ಅವರ ಪ್ರಬಂಧದ ಲೆಕ್ಕ ಹೇಳಿದ್ದು ಇಷ್ಟು: ನೀರಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ಚಿಪ್ಪಿನಲ್ಲಿನ ಎರಡು ಆಮ್ಲಜನಕಗಳ ಅನುಪಾತ ಸಾವಿರಕ್ಕೆ 0.2ರಷ್ಟು ಬದಲಾಗುತ್ತದೆ. ಅಂದರೆ ಅನುಪಾತವನ್ನು ದಶಮಾಂಶದಲ್ಲಿ ಬರೆದರೆ ವ್ಯತ್ಯಾಸ ಕಾಣುವುದು ಏಳನೆಯ ಸ್ಥಾನದಲ್ಲಿ. ಅಷ್ಟು ಸೂಕ್ಷ್ಮವಾಗಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಆಗ ಇರಲಿಲ್ಲ. ಶಿಕಾಗೋದ ಅವರ ಪ್ರಯೋಗಾಲಯ ಅದನ್ನೂ ಕಟ್ಟಿಕೊಳ್ಳಬೇಕಾಯಿತು.

1951ರಲ್ಲಿ ಯೂರಿ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಳತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಸಿಕ್ಕಿದ್ದ, ಜುರಾಸಿಕ್ ಕಾಲದ ಬೆಲೆಮ್ನೈಟ್ ಎಂಬ ಪ್ರಾಣಿಯ ಪಳೆಯುಳಿಕೆ ಅದು. ಇಂದಿನ ಬೊಂಡಾಸಿನ ದೂರದ ನಂಟ. ದೇಹದೊಳಗೆ ಗುಂಡಿನಾಕಾರದ ಸುಣ್ಣದ ಗಟ್ಟಿಯೊಂದು ಬಳೆಬಳೆಯಾಗಿ ಬೆಳೆಯುತ್ತಿತ್ತು. ಆ ಬಳೆಗಳನ್ನು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಕೆರೆದು ಅಳೆದಾಗ ಅಂಕಿಗಳು ಏರಿಳಿದವು: ಬೇಸಗೆ, ಚಳಿಗಾಲ, ಮತ್ತೆ ಬೇಸಗೆ. ಋತುಗಳ ನಡುವಿನ ಅಂತರ ಸುಮಾರು 6 ಡಿಗ್ರಿ. ಪ್ರಾಣಿ ಬದುಕಿದ್ದು ನಾಲ್ಕು ವರ್ಷದ ಆಸುಪಾಸು, ಸತ್ತದ್ದು ವಸಂತದಲ್ಲಿ. ಹದಿನೈದು ಕೋಟಿ ವರ್ಷಕ್ಕೂ ಹಿಂದಿನ ಒಂದು ಜೀವ ಯಾವ ಋತುವಿನಲ್ಲಿ ಸತ್ತಿತೆಂದು ಹೇಳಲು ಸಾಧ್ಯವಾದದ್ದು ಅದೇ ಮೊದಲು. ಇಂಥ ಫಲಿತಾಂಶ ಕಂಡ ಯಾರಿಗಾದರೂ ಸಮುದ್ರದ ಥರ್ಮಾಮೀಟರೇ ಕೈಗೆ ಸಿಕ್ಕಿತೆನ್ನಿಸುವುದು ಸಹಜ. ಆ ನಂಬಿಕೆ ಎಲ್ಲಿ ಮುಗ್ಗರಿಸಿತು, ಮುಗ್ಗರಿಸಿದ್ದನ್ನು ಯಾರು ಹಿಡಿದರು ಎಂಬುದೇ ಈ ಶಾಸ್ತ್ರದ ಮುಖ್ಯ ಕಥೆ.

ಅದಕ್ಕೆ ಮುನ್ನ ಅಳತೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಆಳ ಕಡಲಿನ ತಳದಿಂದ ಉದ್ದನೆಯ ಕೊಳವೆಯಲ್ಲಿ ಎತ್ತಿದ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳಿ, ಕೆಲವು ಸೆಂಟಿಮೀಟರಿಗೊಂದರಂತೆ ಚೂರು ತೆಗೆಯುತ್ತಾರೆ. ಚೂರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಯಿಸಿ ತೊಳೆದರೆ ಜೇಡಿ ಹರಿದುಹೋಗಿ ಬಿಳಿ ಹುಡಿಯಂಥದ್ದು ಉಳಿಯುತ್ತದೆ. ಸೂಕ್ಷ್ಮದರ್ಶಕದಡಿ ಅದು ಹುಡಿಯಲ್ಲ, ಫೊರಾಮಿನಿಫೆರ ಎಂಬ ಏಕಕೋಶ ಜೀವಿಗಳ ಚಿಪ್ಪುಗಳ ರಾಶಿ. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು; ಕೆಲವು ಸುರುಳಿ, ಕೆಲವು ಗುಳ್ಳೆಗಳ ಗೊಂಚಲು. ಒದ್ದೆ ಮಾಡಿದ ಕುಂಚದ ತುದಿಯಿಂದ ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಗಾತ್ರದ ಚಿಪ್ಪುಗಳನ್ನು ಒಂದೊಂದಾಗಿ ಆರಿಸುವುದು ದಿನಗಟ್ಟಲೆ ಕಣ್ಣು ನೋಯಿಸುವ ಕೆಲಸ. ಆರಿಸಿದ್ದಕ್ಕೆ ಫಾಸ್ಫಾರಿಕ್ ಆಮ್ಲ ಹನಿಸಿದರೆ ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ 44, 45, 46 ತೂಕದ ಅಣುಗಳಾಗಿ ಬೇರ್ಪಡಿಸಿ ಎಣಿಸುತ್ತದೆ. ಪ್ರತಿ ಅಳತೆಯೂ ಒಂದು ಮಾನಕದ ಜೊತೆ ಹೋಲಿಕೆ. ಮೊದಲ ಮಾನಕ ಅಮೆರಿಕದ ಸೌತ್ ಕೆರೊಲಿನಾದ ಪೀಡೀ ಶಿಲಾಸ್ತರದ ಬೆಲೆಮ್ನೈಟ್ ಪುಡಿ. ಆ ಪುಡಿ ಮುಗಿದುಹೋಗಿ ದಶಕಗಳೇ ಕಳೆದಿವೆ. ಆದರೂ ಅದಕ್ಕೆ ತಾಳೆ ನೋಡಿಟ್ಟ ಬೇರೆ ಪುಡಿಗಳ ಮೂಲಕ ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಇಂದಿಗೂ ಆ ಅಳತೆಗೋಲಿನಲ್ಲೇ ಲೆಕ್ಕ ಬರೆಯುತ್ತವೆ. ಮಂಗಳೂರಿನಾಚೆಯ ಕೆಸರಿನ ಅಂಕಿಯನ್ನು ಮೆಕ್ಸಿಕೊ ಕೊಲ್ಲಿಯ ಅಂಕಿಯ ಪಕ್ಕ ಇಟ್ಟು ನೋಡಲು ಆಗುವುದು ಇದರಿಂದಲೇ.

ಯೂರಿಯವರ ಗರಡಿಯಲ್ಲಿ ಪಳಗಿದ ಇಟಲಿಯ ಚೆಸಾರೆ ಎಮಿಲಿಯಾನಿ 1955ರಲ್ಲಿ ಕೆರಿಬಿಯನ್ ಮತ್ತು ಅಟ್ಲಾಂಟಿಕ್ ಕೆಸರಿನ ಕಂಬಗಳನ್ನು ಅಳೆದು, ಭೂಮಿ ಒಂದಾದಮೇಲೊಂದರಂತೆ ಹಲವು ಹಿಮಯುಗಗಳನ್ನು ಕಂಡಿದೆ ಎಂದು ಘೋಷಿಸಿದರು. ಅಲ್ಲಿಯವರೆಗೆ ಭೂವಿಜ್ಞಾನಿಗಳು ಆಲ್ಪ್ಸ್ ಪರ್ವತದ ಕಣಿವೆಗಳನ್ನು ನೋಡಿ ನಾಲ್ಕೇ ಹಿಮಯುಗಗಳು ಎಂದು ನಂಬಿದ್ದರು. ಎಮಿಲಿಯಾನಿಯ ಏರಿಳಿತದ ಗೆರೆ ಸರಿಯಿತ್ತು, ಅದಕ್ಕೆ ಅವರು ಕೊಟ್ಟ ಅರ್ಥ ಸರಿಯಿರಲಿಲ್ಲ. ಪೇಚು ಇರುವುದು ಇಲ್ಲಿ. ಕಡಲಿನಿಂದ ನೀರು ಆವಿಯಾಗುವಾಗ ಹಗುರ ಆಮ್ಲಜನಕದ ಅಣುಗಳು ಸುಲಭವಾಗಿ ಮೇಲೇಳುತ್ತವೆ. ಮೋಡ ಧ್ರುವದ ಕಡೆ ಸಾಗುವಾಗ ಭಾರದವು ದಾರಿಯಲ್ಲೇ ಮಳೆಯಾಗಿ ಸುರಿದುಹೋಗುತ್ತವೆ. ಕೊನೆಗೆ ಧ್ರುವದಲ್ಲಿ ಬೀಳುವ ಹಿಮ ತುಂಬಾ ಹಗುರ. ಆ ಹಿಮ ಕರಗಿ ಕಡಲಿಗೆ ಮರಳದೆ ಸಾವಿರಾರು ವರ್ಷ ಪೇರಿಕೊಂಡರೆ ಉಳಿದ ಕಡಲಿನ ನೀರೇ ಭಾರವಾಗುತ್ತದೆ, ಅದರಲ್ಲಿ ಬೆಳೆದ ಚಿಪ್ಪೂ ಭಾರವಾಗುತ್ತದೆ. ಹಿಮಯುಗದಲ್ಲಿ ನೀರು ತಣ್ಣಗಾಗಿ ಚಿಪ್ಪು ಭಾರವಾಗುವುದು ಒಂದು ಕಾರಣ, ಹಿಮ ಪೇರಿಕೊಂಡು ಭಾರವಾಗುವುದು ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಕೈಯಲ್ಲಿರುವುದು ಒಂದು ಅಂಕಿ, ತಿಳಿಯದ ಸಂಗತಿಗಳು ಎರಡು. ಎಮಿಲಿಯಾನಿ ಹಿಮದ ಪಾಲನ್ನು ಕಡಿಮೆಯೆಂದು ಅಂದಾಜು ಮಾಡಿ, ಬಹುಪಾಲನ್ನು ಉಷ್ಣತೆಯ ಲೆಕ್ಕಕ್ಕೆ ಬರೆದರು. ಕೆರಿಬಿಯನ್ ಕಡಲ ಮೇಲ್ಮೈ ಸುಮಾರು 6 ಡಿಗ್ರಿ ತಣಿದಿತ್ತೆಂಬ ಉತ್ತರ ಬಂತು.

ಇದಕ್ಕೆ ಪಾಟೀಸವಾಲು ಹಾಕಿದವರು ಕೇಂಬ್ರಿಜ್‌ನ ನಿಕೊಲಸ್ ಶ್ಯಾಕಲ್ಟನ್. ಅವರು ಬಹಳ ಕಡಿಮೆ ಪ್ರಮಾಣದ ಸುಣ್ಣವನ್ನೂ ಅಳೆಯುವಂತೆ ಯಂತ್ರವನ್ನು ತಿದ್ದಿಕೊಂಡಿದ್ದರು. ಆದ್ದರಿಂದ ಮೇಲ್ಮೈಯಲ್ಲಿ ತೇಲುವ ಜಾತಿಗಳ ಜೊತೆಗೆ ಸಮುದ್ರದ ತಳದಲ್ಲೇ ಬದುಕುವ, ಕೆಸರಿನಲ್ಲಿ ಬಲು ಅಪರೂಪಕ್ಕೆ ಸಿಗುವ ಜಾತಿಗಳನ್ನೂ ಅಳೆಯಲು ಅವರಿಗೆ ಸಾಧ್ಯವಾಯಿತು. ತಳದ ಚಿಪ್ಪುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಏರಿಳಿತ! ಆಳ ಕಡಲಿನ ನೀರು ಇಂದೇ ಒಂದೆರಡು ಡಿಗ್ರಿಯಷ್ಟು ತಣ್ಣಗಿದೆ. ಉಪ್ಪುನೀರು ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿಯುವ ಹೊತ್ತಿಗೆ ಹೆಪ್ಪುಗಟ್ಟುತ್ತದೆ. ಅಲ್ಲಿ ಇನ್ನೂ 6 ಡಿಗ್ರಿ ಇಳಿಯಲು ಜಾಗವೇ ಇಲ್ಲ. ಹಾಗಾದರೆ ಚಿಪ್ಪುಗಳು ಹೇಳುತ್ತಿರುವುದು ಬಹುಮಟ್ಟಿಗೆ ಹಿಮದ ಸುದ್ದಿ ಎಂದು 1967ರಲ್ಲಿ ಶ್ಯಾಕಲ್ಟನ್ ವಾದಿಸಿದರು. ಹೊರನೋಟಕ್ಕೆ ಇದು ಯೂರಿಯ ಥರ್ಮಾಮೀಟರಿನ ಸೋಲು. ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ನಂಬಿಕೆ ಗಟ್ಟಿಯಾದದ್ದೇ ಇಲ್ಲಿಂದ. ಒಂದು ಜಾಗದ ನೀರು ಬಿಸಿಯೋ ತಂಪೋ ಎಂಬುದು ಸ್ಥಳೀಯ ಸಂಗತಿ. ಭೂಮಿಯ ಮೇಲೆ ಒಟ್ಟು ಎಷ್ಟು ಹಿಮವಿತ್ತು ಎಂಬುದು ಇಡೀ ಜಗತ್ತಿನ ಸಂಗತಿ. ಅದು ಎಲ್ಲ ಸಾಗರಗಳ ಚಿಪ್ಪುಗಳಲ್ಲೂ ಹೆಚ್ಚುಕಡಿಮೆ ಏಕಕಾಲಕ್ಕೆ ದಾಖಲಾಗುವುದರಿಂದ ಒಂದು ಸಾಗರದ ಕೆಸರಿನ ಪದರವನ್ನು ಇನ್ನೊಂದರ ಪದರದೊಂದಿಗೆ ಹೊಂದಿಸಿ ನೋಡುವ ದಾರಿ ತೆರೆಯಿತು.

ಶ್ಯಾಕಲ್ಟನ್ ಮಾತನ್ನೂ ಯಾರೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಬಾರ್ಬಡೋಸ್ ದ್ವೀಪದ ಬಳಿ ಮುಳುಗಿಹೋದ ಹವಳದ ದಿಬ್ಬಗಳನ್ನು ಕೊರೆದು 1989ರಲ್ಲಿ ರಿಚರ್ಡ್ ಫೇರ್‌ಬ್ಯಾಂಕ್ಸ್ ತೋರಿಸಿದ್ದು, ಕಳೆದ ಹಿಮಯುಗದ ತುತ್ತತುದಿಯಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು ಎಂದು. ಇಲ್ಲಿ ಓದುಗರೇ ಲೆಕ್ಕ ಹಾಕಿ ನೋಡಬಹುದು. ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಅದರಲ್ಲಿ 120 ಮೀಟರ್ ಎಂದರೆ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು. ಹಿಮವಾಗಿ ಹೋದ ಆ ನೀರು ಕಡಲಿಗಿಂತ ಸರಾಸರಿ ಸಾವಿರಕ್ಕೆ 30ರಷ್ಟು ಹಗುರ ಎಂದಿಟ್ಟುಕೊಂಡರೆ, ಉಳಿದ ಕಡಲು ಸಾವಿರಕ್ಕೆ 1ರಷ್ಟು ಭಾರವಾಗಿರಬೇಕು. ತಳದ ಚಿಪ್ಪುಗಳ ಒಟ್ಟು ಬದಲಾವಣೆ ಸಾವಿರಕ್ಕೆ 1.7ರ ಆಸುಪಾಸು; ಅದರಲ್ಲಿ 1 ಹಿಮದ ಪಾಲಾದರೆ ಉಳಿದದ್ದು ತಂಪಿನ ಪಾಲು. ಇದಕ್ಕೂ ಚೆಂದದ ಪುರಾವೆ ಇನ್ನೊಂದು ಕಡೆ ಸಿಕ್ಕಿತು. ಹಿಮಯುಗದ ಕಡಲ ನೀರು ಕೆಸರಿನ ಕಣಗಳ ನಡುವಿನ ಸಂದುಗಳಲ್ಲಿ ಸಿಕ್ಕಿಕೊಂಡು ಇಂದಿಗೂ ಸಮುದ್ರತಳದಿಂದ ಹತ್ತಾರು ಮೀಟರ್ ಆಳದಲ್ಲಿ ಇದೆ. ಆ ನೀರನ್ನೇ ಹಿಂಡಿ ತೆಗೆದು ಅಳೆದವರಿಗೂ ಬಂದ ಉತ್ತರ ಸಾವಿರಕ್ಕೆ 1ರ ಸುತ್ತಮುತ್ತ. ಹವಳ, ಹಿಂಡಿದ ನೀರು, ಚಿಪ್ಪು: ಒಂದಕ್ಕೊಂದು ಸಂಬಂಧವಿಲ್ಲದ ಮೂರು ದಾರಿಗಳು ಒಂದೇ ಊರಿಗೆ ಬಂದು ಸೇರಿದವು. ಹಿಮದ ಪಾಲು ಎಮಿಲಿಯಾನಿ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು, ಶ್ಯಾಕಲ್ಟನ್ ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆ ಎಂದು ತೀರ್ಮಾನವಾಯಿತು. ಆಳ ಕಡಲೂ ಮೂರು ಡಿಗ್ರಿಯಷ್ಟು ತಣಿದು ಹೆಪ್ಪುಗಟ್ಟುವ ಅಂಚಿಗೆ ಬಂದಿತ್ತು.

ಹಿಮಯುಗಗಳು ಬಂದುಹೋಗುವ ತಾಳಕ್ಕೆ ಕಾರಣವನ್ನು ಕೊಟ್ಟದ್ದು ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ಅಂಚಿನ ಎರಡು ಕೆಸರಿನ ಕಂಬಗಳು. ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ಶ್ಯಾಕಲ್ಟನ್ 1976ರಲ್ಲಿ ಅವುಗಳ ಸುಮಾರು ನಾಲ್ಕೂವರೆ ಲಕ್ಷ ವರ್ಷಗಳ ದಾಖಲೆಯಲ್ಲಿ 1 ಲಕ್ಷ, 42 ಸಾವಿರ, 23 ಸಾವಿರ ವರ್ಷಗಳ ಆವರ್ತನೆಗಳನ್ನು ಗುರುತಿಸಿದರು. ಭೂಮಿಯ ಕಕ್ಷೆಯ ಆಕಾರ, ಅಕ್ಷದ ಓರೆ ಮತ್ತು ಅಕ್ಷದ ತೂಗಾಟ ಬದಲಾಗುವ ಅವಧಿಗಳು ಇವೇ; ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ದಶಕಗಳ ಹಿಂದೆಯೇ ಕಾಗದದ ಮೇಲೆ ಇದರ ಲೆಕ್ಕ ಬಿಡಿಸಿಟ್ಟಿದ್ದರು. ಇದಕ್ಕೆ ಬರುವ ಆಕ್ಷೇಪ ತೂಕದ್ದು. ಕೆಸರಿನ ವಯಸ್ಸನ್ನು ಕಕ್ಷೆಯ ಲೆಕ್ಕಕ್ಕೆ ಹೊಂದಿಸಿಕೊಂಡು, ಆಮೇಲೆ ಕೆಸರು ಕಕ್ಷೆಯ ತಾಳ ಹಿಡಿದಿದೆ ಎಂದರೆ ಅದು ಸುತ್ತುಬಳಸಿ ಹೊರಟಲ್ಲಿಗೇ ಬಂದಂತಲ್ಲವೇ? 1990ರಲ್ಲಿ ಈ ಆಕ್ಷೇಪಕ್ಕೆ ಪರೀಕ್ಷೆಯೊಂದು ಒದಗಿತು. ಭೂಮಿಯ ಕಾಂತಧ್ರುವಗಳು ಕೊನೆಯ ಬಾರಿ ಅದಲುಬದಲಾದದ್ದು 7,30,000 ವರ್ಷಗಳ ಹಿಂದೆ ಎಂದು ಬಂಡೆಗಳ ಕಾಲಗಣನೆ ಹೇಳುತ್ತಿತ್ತು. ಅದಲುಬದಲಾದ ಗುರುತು ಕೆಸರಿನಲ್ಲೂ ಇದೆ. ಕಕ್ಷೆಗೆ ಹೊಂದಿಸಿ ನೋಡಿದಾಗ ಅದು 7,80,000 ವರ್ಷ ಎಂದು ಬಂತು. ಬಂಡೆಯ ಲೆಕ್ಕವೇ ತಪ್ಪಿರಬೇಕೆಂದು ಶ್ಯಾಕಲ್ಟನ್ ಮತ್ತು ಜೊತೆಗಾರರು ಹೇಳಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಸುಧಾರಿತ ಆರ್ಗಾನ್ ವಿಧಾನದಿಂದ ಲಾವಾ ಬಂಡೆಗಳನ್ನು ಮತ್ತೆ ಅಳೆದಾಗ ಕೆಸರಿನ ಲೆಕ್ಕವೇ ಗೆದ್ದಿತು. ಸುತ್ತುವಾದದಿಂದ ಇಂಥ ಮುನ್ಸೂಚನೆ ಹುಟ್ಟುವುದಿಲ್ಲ.

ಇನ್ನೂ ಹಳೆಯ ಕಾಲಕ್ಕೆ ಹೋದಂತೆ ಬೇರೆ ತೊಡಕು. ಡೈನೊಸಾರ್‌ಗಳ ಕೊನೆಗಾಲ ಮತ್ತು ಅದರ ನಂತರದ ಇಯೊಸೀನ್ ಯುಗದಲ್ಲಿ ಧ್ರುವಗಳು ಬೆಚ್ಚಗಿದ್ದವೆಂದು ಎಲ್ಲ ಪುರಾವೆಗಳೂ ಹೇಳುತ್ತಿದ್ದರೂ, ಚಿಪ್ಪುಗಳ ಪ್ರಕಾರ ಉಷ್ಣವಲಯದ ಕಡಲು ಇಂದಿಗಿಂತ ತಂಪಾಗಿತ್ತು. ಧ್ರುವ ಕಾದು ಸಮಭಾಜಕ ತಣಿಯುವುದನ್ನು ಯಾವ ಹವಾಮಾನ ಮಾದರಿಯೂ ವಿವರಿಸಲಾರದೆ ಹೋಯಿತು, ಮಾದರಿಗಳೇ ಸುಳ್ಳು ಎಂದವರೂ ಇದ್ದರು. 2001ರಲ್ಲಿ ಪಾಲ್ ಪಿಯರ್ಸನ್ ತಂಡ ಟಾಂಜಾನಿಯಾದ ಜೇಡಿಮಣ್ಣಿನಲ್ಲಿ ಉಳಿದ ಚಿಪ್ಪುಗಳನ್ನು ಅಳೆಯಿತು. ಜೇಡಿಯಲ್ಲಿ ಮುಚ್ಚಿಹೋಗಿದ್ದ ಅವು ಗಾಜಿನಂತೆ ಪಾರದರ್ಶಕವಾಗಿದ್ದವು. ಆಳ ಕಡಲಿನಿಂದ ತೆಗೆದ ಅದೇ ಕಾಲದ ಚಿಪ್ಪುಗಳಾದರೋ ಮಂಜು ಕವಿದಂತೆ ಮಬ್ಬು. ಮಬ್ಬಾದ ಚಿಪ್ಪುಗಳ ಸುಣ್ಣ ಸಮುದ್ರತಳದ ಕೊರೆಯುವ ನೀರಿನಲ್ಲಿ ಕರಗಿ ಮತ್ತೆ ಹರಳುಗಟ್ಟಿತ್ತು. ಮೇಲ್ಮೈಯಲ್ಲಿ ಬದುಕಿದ್ದ ಜೀವಿಯ ಚಿಪ್ಪು ತಳದ ತಂಪನ್ನು ದಾಖಲಿಸಿಕೊಂಡಿತ್ತು. ಗಾಜಿನಂಥ ಚಿಪ್ಪುಗಳು ಕೊಟ್ಟ ಉಷ್ಣತೆ 30 ಡಿಗ್ರಿಯ ಆಸುಪಾಸು. ‘ತಂಪು ಉಷ್ಣವಲಯ’ ಎಂಬುದೇ ಇರಲಿಲ್ಲ. ಕೆಟ್ಟುಹೋದ ಸಾಕ್ಷ್ಯ ಯಾವುದೆಂದು ಗುರುತಿಸಲು ಕಲಿತ ಮೇಲೆ ಉಳಿದ ಸಾಕ್ಷ್ಯದ ಬೆಲೆ ಹೆಚ್ಚಿತು. ಒಂದು ಅಂಕಿ, ಎರಡು ಅಜ್ಞಾತಗಳೆಂಬ ಮೂಲ ಸಮಸ್ಯೆಗೂ ನೇರ ಮದ್ದು ಸಿಕ್ಕಿದೆ. ಭಾರದ ಇಂಗಾಲ ಮತ್ತು ಭಾರದ ಆಮ್ಲಜನಕ ಒಂದೇ ಅಣುವಿನಲ್ಲಿ ಜೋಡಿಯಾಗಿ ಕೂರುವ ಪ್ರಮಾಣ ಉಷ್ಣತೆಯೊಂದನ್ನೇ ಅವಲಂಬಿಸುತ್ತದೆ, ನೀರು ಭಾರವೋ ಹಗುರವೋ ಎಂಬುದನ್ನಲ್ಲ. ಸುಣ್ಣದ ಹರಳುಗಳಲ್ಲಿ ಈ ಜೋಡಿಗಳನ್ನು ಎಣಿಸಿ ಉಷ್ಣತೆ ಹೇಳಬಹುದೆಂದು ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಜಾನ್ ಐಲರ್ ತಂಡ ತೋರಿಸಿದ 2006ರ ಪ್ರಬಂಧದ ಮೊದಲ ಲೇಖಕ ಪ್ರೊಸೆನ್‌ಜಿತ್ ಘೋಷ್. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಇಷ್ಟು ಪಾಟೀಸವಾಲು ದಾಟಿದ ಸಾಕ್ಷಿ ಮೊದಲ ತಕರಾರಿನ ಬಗ್ಗೆ ಏನು ಹೇಳುತ್ತದೆ? ಕಾರ್ಖಾನೆ ಇಲ್ಲದ ಕಾಲದಲ್ಲಿ ಭೂಮಿ ಕಾದದ್ದಕ್ಕೆ ಅತಿ ಹತ್ತಿರದ ಹೋಲಿಕೆ 5 ಕೋಟಿ 60 ಲಕ್ಷ ವರ್ಷಗಳ ಹಿಂದಿನದು. 1991ರಲ್ಲಿ ಜೇಮ್ಸ್ ಕೆನೆಟ್ ಮತ್ತು ಲೋವೆಲ್ ಸ್ಟಾಟ್ ಅಂಟಾರ್ಕ್ಟಿಕದ ಬಳಿಯ ಕೆಸರಿನ ಕಂಬದಲ್ಲಿ ಆ ಕಾಲದ ಪದರವನ್ನು ಅಳೆದಾಗ, ಆಮ್ಲಜನಕ ಮತ್ತು ಇಂಗಾಲ ಎರಡರಲ್ಲೂ ಭಾರದ ಐಸೊಟೋಪಿನ ಅನುಪಾತ ಒಟ್ಟಿಗೇ ಕುಸಿದಿತ್ತು. ಆಮ್ಲಜನಕದ ಕುಸಿತವೆಂದರೆ ನೀರು ಕಾದಿದೆ. ಧ್ರುವಗಳಲ್ಲಿ ಹೇಳಿಕೊಳ್ಳುವಷ್ಟು ಹಿಮವೇ ಇರದ ಕಾಲವಾದ್ದರಿಂದ ಹಿಮದ ಗೊಂದಲ ಇಲ್ಲಿಲ್ಲ. ಇಂಗಾಲದ ಕುಸಿತವೆಂದರೆ ಎಲ್ಲಿಂದಲೋ ಭಾರಿ ಪ್ರಮಾಣದ ಹಗುರ ಇಂಗಾಲ ಗಾಳಿಗೂ ಕಡಲಿಗೂ ನುಗ್ಗಿದೆ. ಭೂಮಿ ಒಟ್ಟಾರೆ 5 ಡಿಗ್ರಿಯಷ್ಟು ಕಾದಿತು. ಆಳ ಕಡಲು ಆಮ್ಲೀಯವಾಗಿ ತಳದ ಸುಣ್ಣ ಕರಗಿತು. ಅಟ್ಲಾಂಟಿಕ್‌ನ ಕಂಬಗಳಲ್ಲಿ ಬಿಳಿ ಸುಣ್ಣದ ಕೆಸರಿನ ನಡುವೆ ಸುಣ್ಣವೇ ಇಲ್ಲದ ಕೆಂಗಂದು ಜೇಡಿಯ ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಆಳ ಕಡಲಿನ ಫೊರಾಮಿನಿಫೆರ ಜಾತಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಅಳಿದುಹೋದವು. ಚೇತರಿಕೆಗೆ ಒಂದು ಲಕ್ಷ ವರ್ಷಕ್ಕೂ ಹೆಚ್ಚು ಹಿಡಿಯಿತು. ಗಾಳಿಗೆ ಇಂಗಾಲ ಸೇರಿದರೆ ಭೂಮಿ ಕಾಯುತ್ತದೆ ಎಂಬುದಕ್ಕೆ ಮನುಷ್ಯನಿಲ್ಲದ ಕಾಲದ ಪುರಾವೆ ಇದು. ‘ಆಗ ಕಾರ್ಖಾನೆ ಇರಲಿಲ್ಲ’ ಎನ್ನುವವರು ಈ ಪದರವನ್ನು ತಮ್ಮ ಪರ ಸಾಕ್ಷಿಯಾಗಿ ಕರೆದರೆ ಅದು ಅವರ ವಿರುದ್ಧವೇ ನುಡಿಯುತ್ತದೆ.

ಆ ಇಂಗಾಲ ಎಷ್ಟು ಬೇಗ ನುಗ್ಗಿತು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ರೀತಿ ನನಗೆ ಬಹಳ ಮೆಚ್ಚಿಗೆ. ಕೆಸರಿನ ಆ ಪದರಕ್ಕೆ ವರ್ಷದ ಲೆಕ್ಕದಲ್ಲಿ ವಯಸ್ಸು ಹೇಳಲಾಗದು. ರಿಚರ್ಡ್ ಜೀಬಿ ಮತ್ತು ಜೊತೆಗಾರರು 2016ರಲ್ಲಿ ಬೇರೊಂದು ತರ್ಕ ಹಿಡಿದರು. ಇಂಗಾಲ ತಟ್ಟನೆ ನುಗ್ಗಿದ್ದರೆ ಇಂಗಾಲದ ಐಸೊಟೋಪ್ ಮೊದಲು ಕುಸಿಯಬೇಕು, ಆಮ್ಲಜನಕದ್ದು ತಡವಾಗಿ. ಏಕೆಂದರೆ ಅಗಾಧ ಕಡಲು ಕಾಯಲು ಸಮಯ ಬೇಕು. ನ್ಯೂಜೆರ್ಸಿ ಕರಾವಳಿಯ ಮಿಲ್‌ವಿಲ್‌ನಲ್ಲಿ ಕೊರೆದ ಕಂಬದಲ್ಲಿ ಎರಡರ ಕುಸಿತದ ನಡುವೆ ಅಂತರವೇ ಕಾಣಲಿಲ್ಲ. ಇಂಗಾಲ ಸೇರಿದ ವೇಗಕ್ಕೆ ಕಡಲೂ ಜೊತೆಜೊತೆಗೇ ಕಾದಿದೆ ಎಂದಾದರೆ ಆ ವೇಗ ನಿಧಾನದ್ದೇ ಇರಬೇಕು. ಕನಿಷ್ಠ 4,000 ವರ್ಷ, ವರ್ಷಕ್ಕೆ ಹೆಚ್ಚೆಂದರೆ 1.1 ಬಿಲಿಯನ್ ಟನ್ ಇಂಗಾಲ ಎಂದು ಅವರ ಲೆಕ್ಕ. ಇಂದು ಕಲ್ಲಿದ್ದಲು, ತೈಲ, ಅನಿಲ ಉರಿಸಿ ನಾವು ಗಾಳಿಗೆ ಬಿಡುತ್ತಿರುವುದು ವರ್ಷಕ್ಕೆ ಸುಮಾರು 10 ಬಿಲಿಯನ್ ಟನ್. ಡೈನೊಸಾರ್‌ಗಳು ಅಳಿದ ನಂತರದ ಆರೂವರೆ ಕೋಟಿ ವರ್ಷಗಳಲ್ಲಿ ಇಂಗಾಲದ ಇಷ್ಟು ವೇಗದ ಸುರಿತಕ್ಕೆ ಸಮುದ್ರದ ದಾಖಲೆಯಲ್ಲಿ ಜೋಡಿ ಸಿಕ್ಕಿಲ್ಲ.

ಇಲ್ಲಿ ಜಾಣ ಆಕ್ಷೇಪವೊಂದು ಉಳಿಯುತ್ತದೆ. ಆಳ ಕಡಲಿನಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಕೂರುತ್ತದೆ, ಅದನ್ನೂ ಹುಳುಗಳು ಅಗೆದು ಕಲಸುತ್ತವೆ. ನೂರು ವರ್ಷದಲ್ಲಿ ಏರಿ ಇಳಿದ ಬಿಸಿ ಅಂಥ ಕೆಸರಿನಲ್ಲಿ ಕಾಣದೆ ಹೋಗಬಹುದಲ್ಲವೇ? ಹೋಗಬಹುದು. ಗ್ರೀನ್‌ಲ್ಯಾಂಡಿನ ಹಿಮದ ಪದರಗಳ ಆಮ್ಲಜನಕವಂತೂ ಕಳೆದ ಹಿಮಯುಗದಲ್ಲಿ ಕೆಲವೇ ದಶಕಗಳಲ್ಲಿ ಅಲ್ಲಿ 10 ಡಿಗ್ರಿಯಷ್ಟು ಏರಿಕೆ ಹಲವು ಬಾರಿ ಆಯಿತೆಂದೇ ಹೇಳುತ್ತದೆ. ವಿಲಿ ಡಾನ್ಸ್‌ಗಾರ್ಡ್ ಮೊದಲು ಗುರುತಿಸಿದ ಈ ಜಿಗಿತಗಳನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಗ್ರೀನ್‌ಲ್ಯಾಂಡ್ ಕಾದಾಗ ಅಂಟಾರ್ಕ್ಟಿಕ ತಣಿಯತೊಡಗುತ್ತಿತ್ತು. ಸಾಗರದ ಪ್ರವಾಹಗಳು ಇದ್ದ ಶಾಖವನ್ನೇ ಒಂದು ಗೋಳಾರ್ಧದಿಂದ ಇನ್ನೊಂದಕ್ಕೆ ಹಂಚುತ್ತಿದ್ದವು. ಈಗಿನಂತೆ ಎರಡೂ ಗೋಳಾರ್ಧ ಒಟ್ಟಿಗೆ ಕಾಯುತ್ತಿರಲಿಲ್ಲ. ಇನ್ನೊಂದು ಮಾತು: ಬಿಸಿ ಬಂದುಹೋಗಬಹುದು, ಇಂಗಾಲ ಹಾಗೆ ಹೋಗುವುದಿಲ್ಲ. ನಾವು ಈಗಾಗಲೇ ಬಿಟ್ಟಿರುವಷ್ಟು ಇಂಗಾಲ ಎಂದಾದರೂ ಒಮ್ಮೆಗೇ ಕಡಲು ಸೇರಿದ್ದರೆ, ಅದನ್ನು ಅರಗಿಸಿಕೊಳ್ಳಲು ಹಿಡಿಯುವ ಸಾವಿರಾರು ವರ್ಷಗಳಲ್ಲಿ ಸುಣ್ಣದ ಕರಗುವಿಕೆಯೂ ಹಗುರ ಇಂಗಾಲದ ಗುರುತೂ ಕಲಸಿದ ಕೆಸರಿನಲ್ಲೂ ಅಳಿಸಿಹೋಗದೆ ಉಳಿಯುತ್ತಿದ್ದವು.

ಈಗಿನ ಇಂಗಾಲ ಯಾರದೆಂಬುದನ್ನೂ ಐಸೊಟೋಪ್‌ಗಳೇ ಹೇಳುತ್ತವೆ. ಗಿಡಮರಗಳು ದ್ಯುತಿಸಂಶ್ಲೇಷಣೆಯಲ್ಲಿ ಹಗುರ ಇಂಗಾಲವನ್ನು ಹೆಚ್ಚು ಎಳೆದುಕೊಳ್ಳುತ್ತವೆ, ಗಿಡಗಳಿಂದಾದ ಕಲ್ಲಿದ್ದಲೂ ಹಗುರ. ಅದು ಕೋಟ್ಯಂತರ ವರ್ಷ ಹಳೆಯದಾದ್ದರಿಂದ 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ವಿಕಿರಣಶೀಲ ಇಂಗಾಲ-14 ಅದರಲ್ಲಿ ಒಂದಿಷ್ಟೂ ಉಳಿದಿಲ್ಲ. ಅದನ್ನು ಉರಿಸಿದರೆ ಗಾಳಿಯ ಇಂಗಾಲ ಹಗುರವಾಗಬೇಕು, ಇಂಗಾಲ-14 ಕೂಡ ತೆಳುವಾಗಬೇಕು. 1950ರ ದಶಕದಲ್ಲಿ ಹ್ಯಾನ್ಸ್ ಸ್ಯೂಸ್ ಮರಗಳ ಕಟ್ಟಿಗೆಯಲ್ಲಿ ಕಂಡದ್ದು ಈ ತೆಳುವಾಗುವಿಕೆಯನ್ನೇ. ಕೈಗಾರಿಕಾ ಯುಗಕ್ಕೆ ಮುನ್ನ ಮಾನಕಕ್ಕಿಂತ ಸಾವಿರಕ್ಕೆ 6.4ರಷ್ಟು ಹಗುರವಿದ್ದ ಗಾಳಿಯ ಇಂಗಾಲ ಈಗ 8.5ರ ಆಸುಪಾಸಿಗೆ ಇಳಿದಿದೆ. ಹವಳಗಳೂ ಕಡಲ ಸ್ಪಂಜುಗಳೂ ತಮ್ಮ ಸುಣ್ಣದಲ್ಲಿ ಈ ಇಳಿಕೆಯನ್ನು ಬರೆದುಕೊಂಡಿವೆ. ಜ್ವಾಲಾಮುಖಿಗಳ ಇಂಗಾಲ ಇಷ್ಟು ಹಗುರವಲ್ಲ. ಕಡಲೇ ಉಗುಳಿದ್ದೆಂದರೆ ಕಡಲಿನಲ್ಲಿ ಇಂಗಾಲ ಕಡಿಮೆಯಾಗಬೇಕಿತ್ತು, ಅದು ಹೆಚ್ಚುತ್ತಿದೆ.

ನಮ್ಮ ಎರಡೂ ಮಗ್ಗುಲಿನ ಕಡಲುಗಳಿಗೆ ಕೇಳುವ ಪ್ರಶ್ನೆ ಮುಂಗಾರಿನದು. ಮಳೆನೀರು, ನದಿನೀರು ಎರಡೂ ಹಗುರ; ಮುಂಗಾರು ಜೋರಾದ ಕಾಲದಲ್ಲಿ ನದಿಗಳು ಸುರಿಯುವ ಬಾಯಲ್ಲಿ ಬೆಳೆದ ಚಿಪ್ಪುಗಳೂ ಹಗುರವಾಗುತ್ತವೆ. ಪಶ್ಚಿಮ ಘಟ್ಟದ ನದಿಗಳು ಬಂದು ಸೇರುವ ಕಾರವಾರ, ಮಂಗಳೂರಿನಾಚೆಯ ಕೆಸರಿಗೂ ಇದೇ ತರ್ಕ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗಳು ದಶಕಗಳಿಂದ ಅರಬ್ಬೀ ಸಮುದ್ರದ ಕೆಸರನ್ನು ಹೀಗೆ ಓದುತ್ತಿವೆ. ಗಾಳಿಯ ಬಿರುಸನ್ನು ತೋರುವ ಕುರುಹೂ ಮಳೆಯ ಪ್ರಮಾಣವನ್ನು ತೋರುವ ಕುರುಹೂ ಎಲ್ಲ ಕಾಲದಲ್ಲೂ ಒಂದೇ ಮಾತು ಹೇಳುವುದಿಲ್ಲ ಎಂಬ ಜಗಳ ಬಹಳ ವರ್ಷ ನಡೆಯಿತು. 2014ರ ಕೊನೆಯಲ್ಲಿ ಬಂಗಾಳ ಕೊಲ್ಲಿಗೆ ಬಂದ ಜಾಯ್ಡಿಸ್ ರೆಸಲ್ಯೂಷನ್ ಹಡಗು ಮಹಾನದಿಯ ಎದುರಿನ ಕಡಲಲ್ಲಿ ಕೊರೆದ ಕಂಬ ಈ ಜಗಳಕ್ಕೆ ತೂಕದ ಪುರಾವೆ ಕೊಟ್ಟಿತು. ಚಿಪ್ಪಿನ ಅಂಕಿಯಿಂದ ಉಷ್ಣತೆಯ ಪಾಲನ್ನು ಕಳೆದು, ಸಸ್ಯಗಳ ಎಲೆಮೇಣದಲ್ಲಿನ ಜಲಜನಕದ ಐಸೊಟೋಪ್‌ಗಳ ಜೊತೆ ತಾಳೆ ನೋಡಿ, ಸ್ಟೀವನ್ ಕ್ಲೆಮೆನ್ಸ್ ತಂಡ 2021ರಲ್ಲಿ ಒಂಬತ್ತು ಲಕ್ಷ ವರ್ಷಗಳ ಮಳೆಯ ಇತಿಹಾಸ ಪ್ರಕಟಿಸಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಹಿಮ ಕರಗಿ, ದಕ್ಷಿಣ ಗೋಳಾರ್ಧದಿಂದ ತೇವ ಹೆಚ್ಚು ಹರಿದುಬಂದಾಗಲೆಲ್ಲ ಮುಂಗಾರು ಬಿರುಸಾಗಿದೆ. ಕಾದ ಜಗತ್ತಿನಲ್ಲಿ ಮುಂಗಾರಿನ ಒಟ್ಟು ಮಳೆ ಹೆಚ್ಚುತ್ತದೆಂಬ ಕಂಪ್ಯೂಟರ್ ಮಾದರಿಗಳ ಮಾತಿಗೆ ಇದು ಹೊರಗಿನಿಂದ ಬಂದ ಬೆಂಬಲ. ಮುಂದಿನ ವರ್ಷ ಧಾರವಾಡದಲ್ಲಿ ಬರವೋ ನೆರೆಯೋ ಎಂಬುದನ್ನು ಈ ಕೆಸರಿನಿಂದ ಓದಲಾಗದು. ಸಾವಿರ ವರ್ಷಗಳ ಸರಾಸರಿ ಅದರ ಭಾಷೆ.

ಆ ಒಂಬತ್ತು ಲಕ್ಷ ವರ್ಷಗಳ ಪೈಕಿ ಕೊನೆಯ ಎಂಟು ಲಕ್ಷದ ಗಾಳಿಯ ಮಾದರಿಗಳು ಅಂಟಾರ್ಕ್ಟಿಕದ ಹಿಮದ ಗುಳ್ಳೆಗಳಲ್ಲಿ ಸೆರೆಯಾಗಿವೆ. ಕೈಗಾರಿಕಾ ಯುಗಕ್ಕೆ ಮುನ್ನ ಅವುಗಳಲ್ಲಿ ಎಲ್ಲಿಯೂ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 300 ಪಾಲನ್ನು ದಾಟಿಲ್ಲ. ಈಗ ಅದು 420 ದಾಟಿದೆ. ಇದಕ್ಕೆ ಸರಿದೂಗುವ ಗಾಳಿಯನ್ನು ಹುಡುಕಿದರೆ 30 ಲಕ್ಷ ವರ್ಷಗಳ ಹಿಂದಿನ ಪ್ಲಿಯೊಸೀನ್ ಯುಗಕ್ಕೆ ಹೋಗಬೇಕು. ಅಷ್ಟು ಹಳೆಯ ಗಾಳಿಯ ಅಂದಾಜು ಬರುವುದು ಫೊರಾಮಿನಿಫೆರ ಚಿಪ್ಪಿನಲ್ಲಿ ಸೇರಿಕೊಂಡ ಬೋರಾನ್‌ನ ಐಸೊಟೋಪ್‌ಗಳಿಂದ. ಕಡಲು ಎಷ್ಟು ಆಮ್ಲೀಯವಾಗಿತ್ತೆಂದು ಅವು ಹೇಳುತ್ತವೆ, ಆಮ್ಲೀಯತೆಯಿಂದ ಗಾಳಿಯ ಇಂಗಾಲದ ಲೆಕ್ಕ ಹಿಡಿಯಬಹುದು. ಉತ್ತರ 360ರಿಂದ 420ರ ನಡುವೆ. ಆಗ ಭೂಮಿ ಕೈಗಾರಿಕಾ ಪೂರ್ವಕಾಲಕ್ಕಿಂತ 2.5ರಿಂದ 4 ಡಿಗ್ರಿ ಹೆಚ್ಚು ಬೆಚ್ಚಗಿತ್ತು. ಸಮುದ್ರಮಟ್ಟ ಈಗಿನದಕ್ಕಿಂತ 5ರಿಂದ 25 ಮೀಟರ್ ಎತ್ತರದಲ್ಲಿತ್ತು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೆಯ ವರದಿ ಹೇಳುತ್ತದೆ. ಈ ಅಂತರ ಇಷ್ಟು ಅಗಲವಾಗಿರಲು ಮುಖ್ಯ ಕಾರಣಗಳಲ್ಲೊಂದು ಎಮಿಲಿಯಾನಿಯನ್ನು ಕಾಡಿದ ಅದೇ ಪೇಚು. ಪ್ಲಿಯೊಸೀನ್ ಚಿಪ್ಪಿನ ಅಂಕಿಯಲ್ಲಿ ಹಿಮದ ಪಾಲೆಷ್ಟು, ಉಷ್ಣತೆಯ ಪಾಲೆಷ್ಟು ಎಂದು ಬಿಡಿಸಲು ಜೋಡಿ ಐಸೊಟೋಪ್‌ಗಳ ಎಣಿಕೆಯೂ ಚಿಪ್ಪಿನ ಮೆಗ್ನೀಸಿಯಂ ಅಳತೆಯೂ ಈಗ ಕೆಲಸಕ್ಕೆ ಇಳಿದಿವೆ. 5 ಸರಿಯೋ 25 ಸರಿಯೋ ಎಂಬ ಚರ್ಚೆ ಇನ್ನೂ ಕೆಲವು ಕಾಲ ನಡೆಯುತ್ತದೆ. ಅಷ್ಟು ಎತ್ತರಕ್ಕೆ ಕಡಲು ಏರಲು ಶತಮಾನಗಳು, ಬಹುಶಃ ಸಾವಿರಾರು ವರ್ಷಗಳು ಬೇಕು ಎಂಬುದೂ ನಿಜ. ಆದರೆ ಉಳ್ಳಾಲದಿಂದ ಕಾರವಾರದವರೆಗಿನ ಮೀನುಗಾರರ ಕೇರಿಗಳಲ್ಲಿ ಹಲವು ಈಗಿನ ಕಡಲಿಗಿಂತ ಐದು ಮೀಟರ್ ಎತ್ತರದಲ್ಲೂ ಇಲ್ಲ, ಮತ್ತು ಐದು ಎಂಬುದು ಆ ಅಂದಾಜಿನ ಕೆಳಗಿನ ಅಂಚು.